ಹಳೆ ಪತ್ರಿಕೆ ತೆರೆಯಲಿಲ್ಲ

ಭೀಮಶ್ಯಾನಿಗೆ ಸಿಟ್ಟು ಬರಲು ದೊಡ್ಡ ಕಾರಣವೇನೂ ಬೇಕಿರಲಿಲ್ಲ. ಚಹಾದಲ್ಲಿ ಸಕ್ಕರೆ ಕಡಿಮೆ ಬಿದ್ದರೂ ಬರುತ್ತಿತ್ತು, ಹೆಚ್ಚು ಬಿದ್ದರೂ ಬರುತ್ತಿತ್ತು. ಆದರೆ ೨೦೦೭ರ ಚಳಿಗಾಲದ ಕೊನೆಗೆ ಬಂದ ಸಿಟ್ಟಿಗೆ ಮಾತ್ರ ಸರಿಯಾದ ಕಾರಣವಿತ್ತು. ಲಗ್ನದ ಹಂಗಾಮು ಬಾಗಿಲಿಗೆ ಬಂದು ನಿಂತಿತ್ತು, ಅವನ ಕಂಪ್ಯೂಟರು ಮತ್ತೆ ಮಲಗಿತ್ತು.

ಇಂಡಿಯಲ್ಲಿ ತಹಶೀಲ ಕಚೇರಿಯ ಎದುರಿನ ಸಾಲಿನಲ್ಲಿ ಅವನ ಅಂಗಡಿ. ಮಗಳ ಹೆಸರಿಟ್ಟು ‘ಸಂಘಮಿತ್ರಾ ಡಿ.ಟಿ.ಪಿ.’ ಎಂದು ಬೋರ್ಡು ಬರೆಸಿದ್ದ. ಒಳಗೆ ಒಂದು ಟೇಬಲ್ಲು, ಬಂದವರು ಕೂರಲು ಒಂದು ಬಾಕು, ಗೋಡೆಯ ಮೇಲೆ ಬುದ್ಧ ಮತ್ತು ಬಾಬಾಸಾಹೇಬರ ಫೋಟೊ. ಮೊದಲು ಇದೇ ಕಚೇರಿಯ ಬೇವಿನ ಗಿಡದ ಕೆಳಗೆ ಟೈಪ್‌ರೈಟರ್ ಇಟ್ಟುಕೊಂಡು ಅರ್ಜಿ ಹೊಡೆಯುತ್ತಿದ್ದವನು, ತೊಂಬತ್ತೈದರಲ್ಲಿ ಯಾರೋ ಬಳಸಿ ಬಿಟ್ಟ ಕಂಪ್ಯೂಟರು ಕೊಂಡ. ಆಗ ಅದರಲ್ಲಿ ಬರೀ ಕರಿ ತೆರೆ, ಬಿಳಿ ಅಕ್ಷರ. ಆಮೇಲೆ ವಿಂಡೋಸ್ ಬಂತು. ಭೀಮಶ್ಯಾ ಅದನ್ನು ರೊಕ್ಕ ಕೊಟ್ಟು ತಂದವನಲ್ಲ. ಸೊಲ್ಲಾಪುರದ ಫುಟ್‌ಪಾತಿನಲ್ಲಿ ಮಾರುತ್ತಿದ್ದ ನಕಲಿ ಸಿ.ಡಿ. ತಂದು ಹಾಕಿಸಿದ್ದ. ಇಡೀ ತಾಲೂಕು ಹಾಗೆಯೇ ನಡೆಯುತ್ತಿತ್ತು. ಅದು ಸಾಲದೆಂದು ಅಂಗಡಿಗೆ ಬಂದವರೆಲ್ಲ ತಮ್ಮ ತಮ್ಮ ಪೆನ್‌ಡ್ರೈವು ಚುಚ್ಚುತ್ತಿದ್ದರು. ಒಬ್ಬೊಬ್ಬರ ಪೆನ್‌ಡ್ರೈವಿನಲ್ಲಿ ಒಂದೊಂದು ವೈರಸ್ಸು. ಮಷೀನು ಮಲಗುವುದು, ಅದನ್ನು ಎಬ್ಬಿಸುವುದಕ್ಕೆ ಬಸವನ ಬಾಗೇವಾಡಿಯಿಂದ ಶಮಶುದ್ದೀನ ಮೋಟರ್‌ಸೈಕಲ್ ಮೇಲೆ ಬರುವುದು, ಇದೇ ನಡೆದಿತ್ತು.

ಶಮಶುದ್ದೀನ ಕಂಪ್ಯೂಟರು ರಿಪೇರಿಯವನು. ಬಾಯಿ ಚುರುಕು. ಈ ಸಲ ಬಂದವನೇ ಪೆಟ್ಟಿಗೆ ಬಿಚ್ಚದೆ ಬಾಕಿನ ಮೇಲೆ ಕೂತ.

“ಕಾಕಾ, ಈ ಮಷೀನಿನ ಹಿಂದ ತಿರಗಿ ತಿರಗಿ ನನ್ನ ಗಾಡಿ ಟೈಯರ್ ಸವದ್ವು. ನಾ ಒಂದು ಬ್ಯಾರೆ ಔಷಧ ತಂದೇನಿ.”

ಅವನ ಕೈಯಲ್ಲಿ ತೆಳ್ಳಗಿನ ಕಾಗದದ ಲಕೋಟೆಯಲ್ಲಿ ಒಂದು ಸಿ.ಡಿ. ಇತ್ತು.

“ಎಷ್ಟು ಇದಕ್ಕ?” ಅಂದ ಭೀಮಶ್ಯಾ.

“ಪುಕ್ಕಟ. ಬೇಕಂತ ಬರದು ಹಾಕಿದ್ರ ಪರದೇಶದಿಂದ ಟಪಾಲಿನ್ಯಾಗ ಕಳಸ್ತಾರ. ಲಿನಕ್ಸ್ ಅಂತ ಇದರ ಹೆಸರು. ಪೆನ್‌ಡ್ರೈವಿನ ವೈರಸ್ಸು ಇದಕ್ಕ ಹತ್ತಾಂಗಿಲ್ಲ.”

“ಪುಕ್ಕಟ ಕೊಡವರು ಹುಚ್ಚರಿರಬೇಕು, ಇಲ್ಲಂದ್ರ ಕಳ್ಳರಿರಬೇಕು.”

“ಕಳ್ಳತನ ಮಾಡಿದ ಸಿ.ಡಿ. ಇಷ್ಟು ದಿನ ಹಾಕ್ಕೊಂಡ ಕುಂತವರು ನೀವು. ಇದು ಸಾಚಾ ಮಾಲು. ಆದ್ರ ಒಂದ ಮಾತ ಕೇಳ್ರಿ. ಹಳೇದನ್ನ ಪೂರಾ ಅಳಿಸೂದ ಬ್ಯಾಡ. ಒಂದ ಕಡೆ ಅದೂ ಇರ್ಲಿ, ಒಂದ ಕಡೆ ಇದೂ ಇರ್ಲಿ. ನಿಮ್ಮ ಹಳೇ ಫೈಲಿನ ಕನ್ನಡ ಬ್ಯಾರೆ, ಇದರ ಕನ್ನಡ ಬ್ಯಾರೆ. ಹಳೇವು ಇದರಾಗ ನೆಟ್ಟಗ ಕಾಣಾಂಗಿಲ್ಲ.”

ಇಲ್ಲಿ ಭೀಮಶ್ಯಾ ಸ್ವಲ್ಪ ತಡೆದಿದ್ದರೆ ಮುಂದಿನ ತಾಪತ್ರಯ ಇರುತ್ತಿರಲಿಲ್ಲ. ಆದರೆ ಹೊರಗೆ ಮೂರು ಜನ ಗಿರಾಕಿಗಳು ನಿಂತು ಬೇಸತ್ತು, ರಸ್ತೆಯಾಚೆ ಅನಿಲನ ಅಂಗಡಿಗೆ ನಡೆದಿದ್ದರು. ಅದನ್ನು ಅವನು ಕಣ್ಣಾರೆ ನೋಡಿದ್ದ. ಅನಿಲ ಹೊಸದಾಗಿ ಅಂಗಡಿ ತೆಗೆದ ಹುಡುಗ, ಬಂದವರಿಗೆಲ್ಲ ಕುರ್ಚಿ ಕೊಟ್ಟು ನಗುನಗುತ್ತ ಮಾತಾಡುತ್ತಿದ್ದ. ಭೀಮಶ್ಯಾನಿಗೆ ಅದೂ ಒಂದು ಸಿಟ್ಟು.

“ಎಲ್ಲಾ ಅಳಿಸು. ಒಂದು ಉಗುರಿನಷ್ಟೂ ಉಳೀಬಾರ್ದು. ಇನ್ನ ಮ್ಯಾಲ ಈ ಅಂಗಡಿಯೊಳಗ ಅದು ಬಂದ್ರ ನಾ ಮೀಸಿ ಬೋಳಿಸ್ತೇನಿ.”

ಬಾಜೂ ಅಂಗಡಿಯ ಮಶಾಕಸಾಬ ಇದನ್ನು ಕೇಳಿಸಿಕೊಂಡ. ಅವನು ಲಗ್ನಪತ್ರಿಕೆಗಳನ್ನು ಸ್ಕ್ರೀನ್ ಪ್ರಿಂಟ್ ಮಾಡುವವನು. ಭೀಮಶ್ಯಾ ಹೊಡೆದದ್ದನ್ನು ಇವನು ಬಣ್ಣದಲ್ಲಿ ಅಚ್ಚು ಹಾಕುತ್ತಿದ್ದ. ಮಶಾಕಸಾಬ ಕೇಳಿಸಿಕೊಂಡನೆಂದರೆ ಸಂಜೆಯೊಳಗೆ ತಹಶೀಲ ಕಚೇರಿಯ ಬಾಗಿಲು ಕಾಯುವ ಪಟ್ಟೇವಾಲನಿಂದ ಹಿಡಿದು ಬಸ್‌ಸ್ಟ್ಯಾಂಡಿನ ಬಾಳೆಹಣ್ಣಿನವನ ತನಕ ಎಲ್ಲರಿಗೂ ಗೊತ್ತಾಯಿತೆಂದೇ ಅರ್ಥ. ಇನ್ನು ಹಿಂದೆ ಸರಿಯುವ ದಾರಿ ಇರಲಿಲ್ಲ. ಶಮಶುದ್ದೀನ ಹಳೆಯ ಫೈಲುಗಳನ್ನೆಲ್ಲ ಒಂದು ಸಿ.ಡಿ.ಗೆ ಇಳಿಸಿಟ್ಟು, ಉಳಿದದ್ದನ್ನು ಅಳಿಸಿ, ಲಿನಕ್ಸ್ ಹಾಕಿಕೊಟ್ಟು ಹೋದ.

ಮನೆಯಲ್ಲಿ ಹೆಂಡತಿ ಸುಂದರವ್ವ ಸುದ್ದಿ ಕೇಳಿ, “ಮಷೀನು ತಾನ ಕೆಡತಿತ್ತೋ ನೀವು ಗುದ್ದಿ ಗುದ್ದಿ ಕೆಡಸ್ತಿದ್ರ್ಯೋ, ಈಗ ತಿಳೀತೈತಿ ಬಿಡ್ರಿ,” ಅಂದಳು.

ಮೊದಮೊದಲು ಭೀಮಶ್ಯಾನಿಗೆ ಅದು ಬೇರೆಯವರ ಮನೆಯಲ್ಲಿ ಊಟಕ್ಕೆ ಕೂತ ಹಾಗೆ ಇತ್ತು. ತೆರೆಯ ಬಣ್ಣ ತೊಗರಿ ಹೊಟ್ಟಿನ ಬಣ್ಣ. ಕೆಳಗಿರಬೇಕಾದ ಪಟ್ಟಿ ಮೇಲಿತ್ತು. ಏನು ಹೊಸದು ಹಾಕಬೇಕಾದರೂ ಪಾಸ್‌ವರ್ಡ್ ಕೇಳುತ್ತಿತ್ತು. ಫೋನು ಮಾಡಿ ಶಮಶುದ್ದೀನನನ್ನು ಬೈದ. “ನನ್ನ ಮನಿಗೆ ನಾ ಬಂದ್ರ ಯಾರು ಅಂತ ಕೇಳ್ತೈತಲ್ಲೊ ಇದು.”

“ಕಳ್ಳ ಬಂದ್ರೂ ಹಂಗ ಕೇಳ್ತೈತಿ ಕಾಕಾ. ಅದಕ್ಕ ಹಾಕಿದ್ದು.”

ಕೀಲಿಮಣೆ ಮಾತ್ರ ಅವನ ಬೆರಳು ಬಲ್ಲ ಹಳೆಯ ಜೋಡಣೆಗೇ ಕೂತಿತ್ತು. ಅದೊಂದು ಬದುಕಿಸಿತು. ಅರ್ಜಿ, ಕರಾರುಪತ್ರ, ಸಾಲಿ ಮಾಸ್ತರರ ಪ್ರಶ್ನೆಪತ್ರಿಕೆ ಎಲ್ಲ ಸಲೀಸಾಗಿ ಆಗತೊಡಗಿದವು. ಕನ್ನಡದ ಅಕ್ಷರದ ಮಾದರಿ ಹಿಂದಿನಂತೆ ಹತ್ತಾರು ಇರಲಿಲ್ಲ, ಎರಡೋ ಮೂರೋ ಇದ್ದವು. ಬಳ್ಳಿ ಬಿಟ್ಟ ಹಾಗೆ ಸುತ್ತುವ ಲಗ್ನದ ಅಕ್ಷರವಂತೂ ಇರಲೇ ಇಲ್ಲ. ಆದರೆ ಮಷೀನು ಮಲಗಲಿಲ್ಲ. ಯಾರು ಎಂಥ ಪೆನ್‌ಡ್ರೈವು ಚುಚ್ಚಿದರೂ ಅದು ತನ್ನ ಪಾಡಿಗೆ ತಾನು ನಡೆಯುತ್ತಿತ್ತು. ಒಂದು ದಿನ ಮಧ್ಯಾಹ್ನ ಕೆಲಸವೆಲ್ಲ ಮುಗಿದು ಸುಮ್ಮನೆ ಕೂತಾಗ, ತಾನು ಇವತ್ತು ಯಾರಿಗೂ ಬೈದಿಲ್ಲವೆಂದು ಭೀಮಶ್ಯಾನಿಗೆ ಹೊಳೆಯಿತು. ಅದು ಅವನಿಗೇ ವಿಚಿತ್ರವೆನಿಸಿತು.

ಆಗ ತಾಂಬಾದ ಬಸಂತರಾಯ ಬಂದರು.

ಬಸಂತರಾಯ ಹಂಜಗಿ ಅಂದರೆ ತಾಂಬಾದಲ್ಲಿ ದೊಡ್ಡ ಒಕ್ಕಲುತನದ ಮನೆ. ಭೀಮಶ್ಯಾ ಕಂಪ್ಯೂಟರು ತಂದ ವರ್ಷ ಅವನ ಅಂಗಡಿಗೆ ಲಗ್ನಪತ್ರಿಕೆ ಕೊಡುವವರೇ ಇರಲಿಲ್ಲ. ಅರ್ಜಿ ಹೊಡೆಸಲು ಬರುತ್ತಿದ್ದರು, ದೇವರ ಹೆಸರಿರುವ ಪತ್ರಿಕೆಯನ್ನು ಅವನ ಕೈಯಿಂದ ಹೊಡೆಸಲು ಹಿಂದೆಮುಂದೆ ನೋಡುತ್ತಿದ್ದರು. ಯಾಕೆ ಅನ್ನುವುದನ್ನು ಯಾರೂ ಹೇಳಬೇಕಿರಲಿಲ್ಲ, ಅವನಿಗೂ ಗೊತ್ತಿತ್ತು. ಆಗ ಬಸಂತರಾಯರು ಹಿರಿಯ ಮಗಳ ಲಗ್ನದ ಪತ್ರಿಕೆ ತಂದು ಟೇಬಲ್ಲಿನ ಮೇಲೆ ಇಟ್ಟು, “ತಪ್ಪಿಲ್ದಂಗ ಹೊಡಿ, ಅಷ್ಟ ಸಾಕು,” ಅಂದಿದ್ದರು. ಅದನ್ನು ನೋಡಿ ತಾಂಬಾದವರು ಬಂದರು, ತಾಂಬಾದವರನ್ನು ನೋಡಿ ಸುತ್ತಲಿನ ಹಳ್ಳಿಯವರು ಬಂದರು. ಇವತ್ತಿಗೂ ಅಂಗಡಿ ನಿಂತದ್ದು ಆ ಹಳ್ಳಿಗಳ ಲಗ್ನದ ಮೇಲೆ. ಬಸಂತರಾಯ ಕಾಲು ಯಾವ ಕಡೆ ತಿರುಗಿಸಿದರೆ ಆ ಜನವೆಲ್ಲ ಆ ಕಡೆ ತಿರುಗುವವರು. ಅವರು ಅನಿಲನ ಅಂಗಡಿ ಹತ್ತಿದರೆ ಸಂಘಮಿತ್ರಾ ಡಿ.ಟಿ.ಪಿ. ಮತ್ತೆ ಬೇವಿನ ಗಿಡದ ಕೆಳಗೇ ಹೋಗಬೇಕಾಗಿತ್ತು.

“ಏನೋ ಭೀಮಶ್ಯಾ, ಸಣ್ಣಾಕಿ ಸುನಂದಾಂದು ಗಟ್ಟಿ ಆತು. ಹಳೇ ಪತ್ರಿಕಿ ತಗಿ, ಹೆಸರ ಬದಲ ಮಾಡು,” ಅಂದರು.

ಇದು ಈ ಕಡೆಯ ರೀತಿ. ಯಾವ ಮನೆಯವರೂ ಎರಡನೆಯ ಲಗ್ನಕ್ಕೆ ಹೊಸ ಪತ್ರಿಕೆ ಬರೆಸುವುದಿಲ್ಲ. ಹಿಂದಿನ ಲಗ್ನದ್ದನ್ನೇ ತೆಗೆದು ವಧೂವರರ ಹೆಸರು, ತಿಥಿ, ಸ್ಥಳ ಬದಲಿಸುವುದು. ಕೆಳಗಿನ ‘ಸುಖಾಗಮನ ಬಯಸುವವರು’ ಅನ್ನುವ ಉದ್ದನೆಯ ಹೆಸರುಗಳ ಸಾಲನ್ನು ಯಾರೂ ಮುಟ್ಟುವುದಿಲ್ಲ. ಒಮ್ಮೆ ಜಗಳವಾಡಿ ಹೊಂದಿಸಿದ ಹಿರಿ-ಕಿರಿ ಸಾಲು ಅದು, ಮತ್ತೆ ಯಾರು ಕೈ ಹಾಕುತ್ತಾರೆ. ಪತ್ರಿಕೆಯ ಒಂದು ಪ್ರತಿಯನ್ನೂ ಯಾರೂ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಎಲ್ಲ ಭೀಮಶ್ಯಾನ ಮಷೀನಿನಲ್ಲಿ ಇರುತ್ತದೆಂದು ನಂಬಿಕೆ.

ಭೀಮಶ್ಯಾ ಸಿ.ಡಿ. ಹಾಕಿ ಹಂಜಗಿಯವರ ಫೈಲು ತೆರೆದ. ತೆರೆಯ ತುಂಬ ಇಂಗ್ಲಿಷ್ ಅಕ್ಷರಗಳು ಚೆಲ್ಲಿದವು. ಕೆಲವಕ್ಕೆ ತಲೆಯ ಮೇಲೆ ಕೊಂಬು, ಕೆಲವಕ್ಕೆ ಕೆಳಗೆ ಬಾಲ. ನಡುವೆ ಸೊನ್ನೆ, ಗೆರೆ, ಚುಕ್ಕೆ.

ಬಸಂತರಾಯ ಕನ್ನಡಕ ಏರಿಸಿ ನೋಡಿದರು. “ಇದೇನೊ. ಇರಿವಿ ಗೂಡ ಒಡದಂಗ ಐತಿ.”

“ಇದರಾಗ ಹಳೇ ಅಕ್ಷರ ಕಾಣೂದಿಲ್ರಿ ಸಾವಕಾರ್ರ. ಹೊಸದಾಗಿ ಹೊಡೀಬೇಕು.”

“ನಿನ್ನ ಮೀಸಿ ಮಾತ ಕೇಳಿದ್ದೆ ಊರಾಗ. ಖರೇ ಅಂದಂಗಾತು.” ಅವರು ನಗಲಿಲ್ಲ. “ಆ ಸಿ.ಡಿ. ಇಲ್ಲಿ ಕೊಡು. ಅನಿಲನ ಕಡೆ ಹಳೇ ಪದ್ಧತಿ ಐತ್ಯಂತ. ಅಲ್ಲಿ ತಗಿಸ್ತೇನಿ.”

ಒಯ್ರಿ ಅನ್ನುವ ಮಾತು ಭೀಮಶ್ಯಾನ ಹಲ್ಲಿನ ತನಕ ಬಂದಿತ್ತು. ನುಂಗಿದ. ಎಷ್ಟೋ ವರ್ಷದಲ್ಲಿ ಅವನು ನುಂಗಿದ ಮೊದಲ ಮಾತಿರಬೇಕು ಅದು.

“ಹೆಸರ ಹೇಳ್ರಿ, ನಿಮ್ಮ ಕಣ್ಣ ಮುಂದ ಹೊಡೀತೇನಿ. ಪತ್ರಿಕಿ ನಿಮಗ ಮನಸ್ಸಿಗೆ ಬರಲಿಲ್ಲಂದ್ರ ಸಿ.ಡಿ. ನಾನ ನಿಮ್ಮ ಕೈಯಾಗ ಕೊಡ್ತೇನಿ. ಅನಿಲನ ಕಡೆ ಒಯ್ರಿ.”

ಬಸಂತರಾಯ ಬಾಕಿನ ಮೇಲೆ ಕೂತರು. ದೇವರ ಹೆಸರು ಹೇಳಿದರು, ಅಜ್ಜ-ಮುತ್ತ್ಯಾರ ಹೆಸರು ಹೇಳಿದರು, ತಮ್ಮಂದಿರ ಹೆಸರು ಹೇಳಿದರು. ತಮ್ಮಂದಿರ ಹೆಂಡಿರ ಹೆಸರಿಗೆ ಬಂದಾಗ ತಡವರಿಸಿದರು. ನಡುವಿನ ತಮ್ಮನ ಹೆಂಡತಿಯನ್ನು ಮನೆಯಲ್ಲಿ ಎಲ್ಲರೂ ಸಣ್ಣವ್ವ ಅನ್ನುತ್ತಿದ್ದರು, ಅವಳ ಖರೆ ಹೆಸರು ಅವರಿಗೆ ಗೊತ್ತಿರಲಿಲ್ಲ. ಬೀಗರ ಸಾಲಿಗೆ ಬಂದಾಗ ಪೂರಾ ನಿಂತರು. ಎದ್ದು ಚಪ್ಪಲಿ ಮೆಟ್ಟಿದರು.

“ಇದೆಲ್ಲಾ ಆಕಿಗೆ ಗೊತ್ತು. ನಾಡದು ಕರಕೊಂಡ ಬರ್ತೇನಿ.”

ಹೇಳಿದ ದಿನ ಹೆಂಡತಿ ಸುಮಿತ್ರಾಬಾಯಿಯನ್ನು ಕರೆದುಕೊಂಡು ಬಂದರು. ಇಷ್ಟು ಲಗ್ನಗಳಲ್ಲಿ ಆ ಮನೆಯ ಹೆಣ್ಣುಮಗಳೊಬ್ಬಳು ಆ ಅಂಗಡಿಗೆ ಬಂದದ್ದು ಅದೇ ಮೊದಲು. ಆಕೆ ಸೆರಗು ಸರಿಮಾಡಿಕೊಂಡು ಬಾಕಿನ ಮೇಲೆ ಕೂತು ಸುತ್ತ ನೋಡಿದಳು.

“ಇಲ್ಲಿ ಹುಟ್ತಾವೇನ ಭೀಮಣ್ಣ ಪತ್ರಿಕಿ. ನಮ್ಮ ಮನಿಗೆ ಹೊಲದಾಗ ಬೆಳದು ಬಂದಂಗ ಗಂಟ ಕಟಗೊಂಡು ಬರ್ತಿದ್ವು.”

ಭೀಮಶ್ಯಾ ಹೋಟೆಲಿನಿಂದ ಚಹಾ ತರಿಸಿದ. ಆಕೆ ಕುಡಿಯುತ್ತಾಳೋ ಇಲ್ಲವೋ ಅಂತ ಒಂದು ಕಣ್ಣು ಇಟ್ಟಿದ್ದ. ಆಕೆ ಗ್ಲಾಸು ಎತ್ತಿ, ಊದಿ, ಕುಡಿದು, “ಶುಂಠಿ ಹಾಕಬೇಕಿತ್ತು,” ಅಂದಳು. ಅವನು ಕೀಲಿಮಣೆಯ ಕಡೆ ತಿರುಗಿದ.

ಹೆಸರುಗಳು ಸುರಿದವು. ಸಣ್ಣವ್ವನ ಖರೆ ಹೆಸರು ಚಂದವ್ವ ಎಂದು ಬಸಂತರಾಯರಿಗೆ ಅವತ್ತು ಗೊತ್ತಾಯಿತು. ಹೆಸರು ಹೇಳುವುದು ಆಕೆ, ಸಾಲು ಹಿಡಿಯುವುದು ಗಂಡ. “ಅಂವ ಇಂವಗಿಂತ ಹಿರ್ಯಾ, ಮ್ಯಾಲ ತಗೊ,” ಅನ್ನುವರು. ಬಸಂತರಾಯರಿಗೆ ಪಂಕ್ತಿಯಲ್ಲಿ ಆಗಲಿ ಪತ್ರಿಕೆಯಲ್ಲಿ ಆಗಲಿ ಹಿರಿ-ಕಿರಿ ತಪ್ಪಿದರೆ ಊಟ ಸೇರುತ್ತಿರಲಿಲ್ಲ. ಭೀಮಶ್ಯಾ ಹೆಸರನ್ನು ಹಿಡಿದು ಮೇಲೆ ಎಳೆಯುತ್ತಿದ್ದ, ಕೆಳಗೆ ಇಳಿಸುತ್ತಿದ್ದ.

“ದೊಡ್ಡ ಭಾವನೋರ ಹೆಸರ ಹಾಕಬ್ಯಾಡ,” ಅಂದಳು ಸುಮಿತ್ರಾಬಾಯಿ.

“ಹಳೇದರಾಗ ಇತ್ತಲ್ರಿ.”

“ಇತ್ತು. ಅವರು ಸತ್ತ ಮ್ಯಾಗೂ ಇತ್ತು. ಚಂದವ್ವನ ಮಗಳ ಲಗ್ನಕ್ಕ ಸತ್ತವರು ಸುಖಾಗಮನ ಬಯಸಿದ್ರು. ಮಂದಿ ಓದಿ ಏನೂ ಅನ್ನಲಿಲ್ಲ. ಅವರ ಹೆಂಡತಿ, ನಮ್ಮಕ್ಕ ಮಾತ್ರ ಪತ್ರಿಕಿ ಹಿಡಕೊಂಡು ಮೂಲ್ಯಾಗ ಕುಂತಿದ್ಲು.”

ಬಸಂತರಾಯ ಗಂಟಲು ಸರಿಮಾಡಿಕೊಂಡರು. “ಹಳೇದರಾಗ ಇದ್ದಂಗ ಹೊಡದಾನ ಅಂವ. ಯಾರ ಲಕ್ಷ್ಯಕ್ಕೂ ಬಂದಿಲ್ಲ.”

“ಮಕ್ಕಳ ಹೆಸರ ಹೇಳ್ರಿ,” ಅಂದ ಭೀಮಶ್ಯಾ.

“ಸಂಜೀವಕುಮಾರ,” ಅಂದಳು ಆಕೆ. ಸೊಸೆಯ ಹೆಸರು ಹೇಳಿದಳು. ಆಮೇಲೆ ಅದೇ ದನಿಯಲ್ಲಿ, “ವಿದ್ಯಾವತಿ,” ಅಂದಳು.

ಭೀಮಶ್ಯಾನ ಬೆರಳು ಕೇಳಿದ್ದನ್ನು ಹೊಡೆಯುವ ಬೆರಳು. ಹೊಡೆದಾಯಿತು. ಹೊಡೆದ ಮೇಲೆ ಅವನಿಗೆ ಏನು ಹೊಡೆದೆನೆಂದು ತಿಳಿಯಿತು.

ವಿದ್ಯಾವತಿ ಹಿರಿಯ ಮಗಳು. ಅವನು ಹೊಡೆದ ಮೊದಲ ಲಗ್ನಪತ್ರಿಕೆ ಆಕೆಯದೇ. ಚಡಚಣದ ಕಡೆ ದ್ರಾಕ್ಷಿ ತೋಟದವರ ಮನೆಗೆ ಕೊಟ್ಟಿದ್ದರು. ಗಂಡ ಕೈಯೆತ್ತುವವನು. ಮೂರು ವರ್ಷ ಸಹಿಸಿ, ಒಂದು ದಿನ ಬರಿಗೈಲಿ ಹೊರಬಿದ್ದಳು. ಬಸಂತರಾಯ ತಿರುಗಿ ಹೋಗೆಂದರು, ಆಕೆ ಹೋಗಲಿಲ್ಲ. ಸೋದರಮಾವನ ಮನೆಯಲ್ಲಿದ್ದು ಕಲಿತು, ಮುದ್ದೇಬಿಹಾಳದಲ್ಲಿ ಸಾಲಿ ಶಿಕ್ಷಕಿಯಾದಳು. ಆಮೇಲೆ ಸಂಜೀವಕುಮಾರನ ಲಗ್ನ ಬಂತು. ಬಸಂತರಾಯ ಈ ಟೇಬಲ್ಲಿನ ಮುಂದೆಯೇ ನಿಂತು, ‘ಆ ಸಾಲು ತಗಿ’ ಅಂದಿದ್ದರು. ಒಂದು ಕೀಲಿ ಒತ್ತಿದ, ಹೋಯಿತು. ಅದರ ನಂತರ ಆ ಮನೆತನದ ಎಲ್ಲ ಪತ್ರಿಕೆಗಳೂ ಆ ಫೈಲಿನ ನಕಲಾಗಿಯೇ ಬಂದವು. ಮತ್ತೆ ಯಾರೂ ಯಾರಿಗೂ ಏನೂ ಹೇಳಬೇಕಾಗಿ ಬರಲಿಲ್ಲ.

“ಅದನ್ನ ತಗಿ,” ಅಂದರು ಬಸಂತರಾಯ.

ಭೀಮಶ್ಯಾನ ಬೆರಳು ಅಳಿಸುವ ಕೀಲಿಯ ಮೇಲೆ ಹೋಯಿತು.

“ತಗೀಬ್ಯಾಡ ಭೀಮಣ್ಣ,” ಅಂದಳು ಸುಮಿತ್ರಾಬಾಯಿ. ದನಿ ಏರಲಿಲ್ಲ.

ಬೆರಳು ಅಲ್ಲೇ ನಿಂತಿತು. ಎಡಕ್ಕೆ ಅಂಗಡಿಯ ಅನ್ನ ಕೂತಿತ್ತು, ಬಲಕ್ಕೆ ಒಬ್ಬ ತಾಯಿ ಕೂತಿದ್ದಳು. ಇದು ನನ್ನ ಜಗಳವಲ್ಲ ಅಂದುಕೊಂಡ ಭೀಮಶ್ಯಾ. ಅಂದುಕೊಂಡರೂ ಬೆರಳು ಕೆಳಗಿಳಿಯಲಿಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು.

ಯು.ಪಿ.ಎಸ್. ಒಂದೆರಡು ಸಲ ಕೂಗಿ ಪ್ರಾಣ ಬಿಟ್ಟಿತು. ಅದರ ಬ್ಯಾಟರಿ ಸತ್ತು ಎಷ್ಟೋ ದಿನವಾಗಿತ್ತು. ತೆರೆ ಕಪ್ಪಾಯಿತು, ಫ್ಯಾನು ನಿಂತಿತು. ಹೊರಗಿನ ಬಿಸಿಲು ಹೊಸ್ತಿಲ ತನಕ ಬಂದು ನಿಂತಿತ್ತು. ಬಾಜೂದಿಂದ ಮಶಾಕಸಾಬ, “ಭೀಮಶ್ಯಾ, ನಿನ್ನ ಲಿನಕ್ಸಿಗೂ ಕರೆಂಟ್ ಬೇಕಾಗ್ತೈತೇನೊ? ನಾ ಅದು ಪುಕ್ಕಟ ನಡೀತೈತಿ ಅಂದ್ಕೊಂಡಿದ್ದೆ,” ಅಂತ ಕೂಗಿದ. ಈ ಕಡೆಯಿಂದ ಎಂದಿನ ಬೈಗುಳ ಬರದ್ದು ನೋಡಿ, ಏನೋ ಆಗಿದೆಯೆಂದು ತಿಳಿದು ತನ್ನ ಕೆಲಸಕ್ಕೆ ತಿರುಗಿದ.

ಮೂವರೂ ಕೂತರು. ಸುಮಿತ್ರಾಬಾಯಿ ಸೆರಗಿನಿಂದ ಗಾಳಿ ಹಾಕಿಕೊಂಡಳು.

“ಪತ್ರಿಕಿ ಬಂದಾಗೊಮ್ಮೆ ಸುನಂದಾನ ಕಡಿಂದ ಓದಸ್ತಿದ್ದೆ,” ಅಂದಳು ಗಂಡನಿಗೆ. “ಅಕ್ಕನ ಹೆಸರ ಬಂದೈತೇನ ನೋಡು ಅಂತ. ಇಲ್ಲವ್ವ ಅಂತಿದ್ಲು. ನಿಮಗ ಕೇಳಿದ್ರ, ಹಳೇದರಾಗ ಇದ್ದಂಗ ಹೊಡದಾರ, ನಾ ಏನೂ ಹೇಳಿಲ್ಲ ಅಂತಿದ್ರಿ. ನನಗೂ ಹೌದು ಅನಿಸ್ತಿತ್ತು. ಮಷೀನಿನ ಕೂಡ ಯಾರು ಜಗಳ ಆಡ್ತಾರ. ಈಗ ಹಳೇದು ಹೋತು. ಇವತ್ತ ಮಗಳು ಬ್ಯಾಡ ಅನ್ನೂದಾದ್ರ ನೀವು ಬಾಯಿ ಬಿಟ್ಟು ಅನಬೇಕು. ನಾ ಕುಂತು ಕೇಳ್ತೇನಿ.”

ಬಸಂತರಾಯ ಎದ್ದು ಬಾಗಿಲಿಗೆ ಹೋಗಿ ನಿಂತರು. ಭೀಮಶ್ಯಾನೂ ಎದ್ದು ಪಕ್ಕಕ್ಕೆ ಹೋದ, ಆ ಅರೆಗತ್ತಲಲ್ಲಿ ಆ ತಾಯಿಯ ಎದುರು ಕೂರುವುದು ಅವನಿಗೆ ಕಷ್ಟವಾಗಿತ್ತು.

“ನಿಂದು ಹಳೇ ಮಷೀನ ಇದ್ದಿದ್ರ ಈ ತಂಟೇನ ಇರ್ತಿರಲಿಲ್ಲ,” ಅಂದರು ಬಸಂತರಾಯ, ರಸ್ತೆ ನೋಡುತ್ತ.

“ಹೌದ್ರಿ. ಇರ್ತಿರಲಿಲ್ಲ.”

“ಅನಿಲನ ಕಡೆ ಒಯ್ದ್ರ ಅರ್ಧಾ ತಾಸಿನ ಕೆಲಸ.”

“ಅದೂ ಹೌದ್ರಿ.”

ಭೀಮಶ್ಯಾ ಒಳಗೆ ಹೋಗಿ ಸಿ.ಡಿ. ತಂದು ಅವರ ಕೈಗೆ ಕೊಟ್ಟ. ಕೊಟ್ಟ ಮಾತು. ಒಂದು ವರ್ಷದ ಹಿಂದಾಗಿದ್ದರೆ ಅದನ್ನು ಟೇಬಲ್ಲಿನ ಮೇಲೆ ಬಿಸಾಕಿ, ತಾಂಬಾದ ಎಲ್ಲ ಮನೆತನಗಳನ್ನೂ ಬೈದು, ಆಮೇಲೆ ರಾತ್ರಿಯೆಲ್ಲ ಹೊರಳಾಡುತ್ತಿದ್ದ. ಈಗ ಸಿಟ್ಟು ಬರಲಿಲ್ಲ. ಅದರ ಬದಲು ಒಂದು ಮಾತು ಬಂತು.

“ಸಾವಕಾರ್ರ, ಸಿಟ್ಟಿನ್ಯಾಗ ಅಳಿಸೂದು ನನಗ ಭಾಳ ಸಲೀಸ ಬರ್ತೈತಿ. ಮೀಸಿ ಮಾತ ನೀವೂ ಕೇಳೀರಿ. ಆದ್ರ ಅಳಿಸಿದ್ದನ್ನ ತಿರಗಿ ತರೂದ್ರಾಗ ಜೀವ ಸಾಕಾಗಿ ಹೋಗ್ತೈತ್ರಿ. ನಾ ಮತ್ತ ಕೂಡಿಸಾಕ ಹತ್ತೇನಿ, ಒಂದೊಂದ ಹೆಸರ.”

ಬಸಂತರಾಯ ಅವನನ್ನು ನೋಡಿದರು. ರಸ್ತೆಯಾಚೆ ಅನಿಲನ ಅಂಗಡಿಯಲ್ಲಿ ಜನರೇಟರು ಗುಡುಗುಟ್ಟುತ್ತಿತ್ತು. ಅಲ್ಲಿ ಕರೆಂಟಿತ್ತು. ಸಿ.ಡಿ. ಕೈಯಲ್ಲಿ ಹಿಡಿದುಕೊಂಡು ಬಸಂತರಾಯ ಆ ಕಡೆ ಎರಡು ಹೆಜ್ಜೆ ಇಟ್ಟರು. ಒಂದು ಕಬ್ಬಿನ ಟ್ರ್ಯಾಕ್ಟರು ಅಡ್ಡ ಬಂತು, ನಿಂತರು. ಟ್ರ್ಯಾಕ್ಟರು ದಾಟಿ ಹೋಯಿತು. ಆದರೂ ನಿಂತೇ ಇದ್ದರು. ಭೀಮಶ್ಯಾ ಕರೆಯಲಿಲ್ಲ. ಒಳಗಿನಿಂದ ಸುಮಿತ್ರಾಬಾಯಿಯೂ ಕರೆಯಲಿಲ್ಲ.

ಅವರು ಎಷ್ಟು ಹೊತ್ತು ಹಾಗೆ ಬಿಸಿಲಲ್ಲಿ ನಿಂತಿದ್ದರೋ, ಕರೆಂಟು ಬಂತು. ಅಂಗಡಿಯ ಫ್ಯಾನು ತಿರುಗಿತು. ಭೀಮಶ್ಯಾ ಒಳಗೆ ಹೋಗಿ ಮಷೀನು ಹಚ್ಚಿದ. ಅದು ತನ್ನ ಪಾಡಿಗೆ ತಾನು ಎದ್ದು, ಪಾಸ್‌ವರ್ಡ್ ಕೇಳಿ, ಅರ್ಧಕ್ಕೆ ನಿಂತ ಫೈಲು ಮರಳಿ ತೆಗೆಯಲೇ ಎಂದು ಕೇಳಿತು. ತೆಗೆ ಅಂದ. 

ಬೆನ್ನ ಹಿಂದೆ ಚಪ್ಪಲಿಯ ಸದ್ದಾಯಿತು. ಬಸಂತರಾಯ ಬಂದು, ಸಿ.ಡಿ. ಜೇಬಿಗಿಳಿಸಿ, ಬಾಕಿನ ಮೇಲೆ ಹೆಂಡತಿಯಿಂದ ಸ್ವಲ್ಪ ದೂರದಲ್ಲಿ ಕೂತರು.

“ಸಂಜೀವಕುಮಾರ ಅನ್ನೂತನಾ ಉಳದೈತ್ರಿ,” ಅಂದ ಭೀಮಶ್ಯಾ. “ಮುಂದಿಂದು ಹೋಗೈತಿ. ಮತ್ತ ಹೇಳಬೇಕು.”

ಸುಮಿತ್ರಾಬಾಯಿ ತನ್ನ ಮಾತು ಮುಗಿದ ಹಾಗೆ ಕೈ ಮಡಿಲಲ್ಲಿಟ್ಟು ಕೂತಿದ್ದಳು. ಹೆಸರು ಹೇಳುವ ಸರದಿ ಆಕೆಯದಾದರೂ ಆಕೆ ಹೇಳಲಿಲ್ಲ.

“ಸಂಜೀವನ ಹೆಸರಿನ ಮ್ಯಾಲ ಜಾಗಾ ಮಾಡು,” ಅಂದರು ಬಸಂತರಾಯ.

“ಮ್ಯಾಲ್ರಿ?”

“ಮತ್ತ. ಹಿರೇಕಿ ಹೋಗಿ ತಮ್ಮನ ಹೆಂಡತಿ ಕೆಳಗ ಹ್ಯಾಂಗ ಬರ್ತಾಳ? ಆವಾಗನ ನೋಡಿದೆ, ಕಡೀಗೆ ಹೊಡದಿದ್ದಿ. ಪತ್ರಿಕಿ ಓದಿದವರು ಹಂಜಗಿ ಮನಿತನಕ್ಕ ಹಿರ್ಯಾ ಯಾರು ಕಿರ್ಯಾ ಯಾರು ತಿಳೀದಿಲ್ಲ ಅಂತ ನಗಬೇಕೇನು?”

ಭೀಮಶ್ಯಾ ಸಂಜೀವಕುಮಾರನನ್ನು ಕೆಳಗಿಳಿಸಿ ಜಾಗ ಮಾಡಿದ. ಆಮೇಲೆ ಅವನಿಗೊಂದು ತೊಡಕು ಎದುರಾಯಿತು. ಪತ್ರಿಕೆಯಲ್ಲಿ ಯಾವ ಹೆಸರೂ ಬರೀ ಹೆಸರಾಗಿ ಬರುವಂತಿಲ್ಲ. ಗಂಡಸಿಗೆ ಶ್ರೀ, ಮುತ್ತೈದೆಗೆ ಸೌ, ಲಗ್ನವಾಗದವಳಿಗೆ ಕುಮಾರಿ. ಸೌ. ಹಾಕಿದರೆ ಪಕ್ಕದಲ್ಲಿ ಆ ಗಂಡನ ಹೆಸರು ಬರಬೇಕು.

“ಹೆಸರಿನ ಹಿಂದ ಮುಂದ ಏನ್ ಹಾಕ್ಲಿರಿ?” ಎಂದು ಕೇಳಿದ. ಕೇಳುವಾಗ ದನಿ ತಾನಾಗಿಯೇ ಇಳಿಯಿತು.

ಬಸಂತರಾಯ ಕನ್ನಡಕ ಏರಿಸಿ ತೆರೆ ನೋಡಿದರು. ಅಲ್ಲಿ ಗೆರೆಯೊಂದು ಖಾಲಿ ಜಾಗದಲ್ಲಿ ಮಿಟುಕುತ್ತಿತ್ತು.

“ವಿದ್ಯಾವತಿ ಬಸಂತರಾಯ ಹಂಜಗಿ ಅಂತ ಹೊಡಿ. ಮುಂದ ಶಿಕ್ಷಕರು, ಮುದ್ದೇಬಿಹಾಳ ಅಂತ ಹಾಕು. ನೌಕರಿ ಐತಲ್ಲ ಆಕಿಗೆ. ಮಂದಿ ತಮ್ಮ ಮಕ್ಕಳದು ಪಟ್ಟೇವಾಲಕಿ ಇದ್ರೂ ಹಾಕಸ್ತಾರ.”

ಸುಮಿತ್ರಾಬಾಯಿ ಮುಖ ಗೋಡೆಯ ಕಡೆ ತಿರುಗಿಸಿ ಮೂಗು ಒರೆಸಿಕೊಂಡಳು. ಉಳಿದ ಹೆಸರುಗಳನ್ನು ಹೇಳುವಾಗ ಒಂದೆರಡು ಕಡೆ ತಪ್ಪಿದಳು, ಗಂಡ ತಿದ್ದಲಿಲ್ಲ.

ಭೀಮಶ್ಯಾ ಪ್ರೂಫು ತೆಗೆದು ಕೊಟ್ಟ. ಬಸಂತರಾಯ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. ಸಾಲು ಸರಿಯಿತ್ತು. ಅಕ್ಷರ ಮಾತ್ರ ನೆಟ್ಟಗೆ, ದಪ್ಪಗೆ, ಸಾಲಿಯ ಪುಸ್ತಕದ ಅಕ್ಷರದ ಹಾಗೆ ಕೂತಿದ್ದವು.

“ಬಳ್ಳಿ ಅಕ್ಷರ ಇಲ್ಲೇನೊ?”

“ಇಲ್ರಿ. ಇದರಾಗ ಇಷ್ಟ ಅದಾವು.”

“ಲಗ್ನಪತ್ರಿಕಿ ಹಂಗ ಕಾಣೂದಿಲ್ಲ. ಪಂಚಾಯ್ತಿ ನೋಟೀಸ ಆಗೈತಿ.”

ಭೀಮಶ್ಯಾನ ಕಣ್ಣು ಅವರ ಜೇಬಿಗೆ ಹೋಯಿತು. ಸಿ.ಡಿ. ಇನ್ನೂ ಅಲ್ಲೇ ಇತ್ತು.

“ಕಣ್ಣಿಗೆ ಚಂದ ಇಲ್ಲ ಖರೆ,” ಅಂದರು ಬಸಂತರಾಯ. “ಆದ್ರ ನನ್ನಂಥಾ ಮುದುಕಗೂ ಓದಾಕ ಬರ್ತಾವ. ಇದನ್ನ ಅಚ್ಚಿಗೆ ಕೊಡು. ನಡುಕಿನ ತಮ್ಮನ ಮಗಂದೂ ಮುಂದಿನ ತಿಂಗಳ ಐತಿ, ಅಂವಗೂ ಇಲ್ಲೇ ಕಳಸ್ತೇನಿ. ಚಂದವ್ವನ ಕರಕೊಂಡ ಬಾ ಅಂತ ಹೇಳ್ತೇನಿ, ಇಲ್ಲಾಂದ್ರ ಅವನೂ ನನ್ನಂಗ ಬಾಯಿ ತಕ್ಕೊಂಡ ಕುಂದರ್ತಾನ.”

ಸಿ.ಡಿ.ಯನ್ನು ಜೇಬಿನಿಂದ ತೆಗೆದು ಟೇಬಲ್ಲಿನ ಮೇಲಿಟ್ಟರು. ಭೀಮಶ್ಯಾ ಪ್ರೂಫು ತೆಗೆದುಕೊಂಡು ಮಶಾಕಸಾಬನಿಗೆ ಕೊಟ್ಟು ಬಂದ. ಮರಳಿ ಬರುವಷ್ಟರಲ್ಲಿ ಗಂಡ ಹೆಂಡತಿ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಬೇರೆಯೇ ಮಾತಿಗೆ ಹತ್ತಿದ್ದರು.

“ಮುದ್ದೇಬಿಹಾಳದ್ದು ಟಪಾಲಿಗೆ ಹಾಕಬ್ಯಾಡ್ರಿ ಮತ್ತ,” ಅಂದಳು ಸುಮಿತ್ರಾಬಾಯಿ.

“ಮನಿ ಮಗಳಿಗೆ ಯಾರು ಟಪಾಲಿಗೆ ಹಾಕ್ತಾರ. ನನಗೇನು ಅಷ್ಟೂ ತಿಳೀದಿಲ್ಲೇನು.” ಬಸಂತರಾಯ ಭೀಮಶ್ಯಾನ ಕಡೆ ತಿರುಗಿದರು. “ಏನೋ, ಸಿಂದಗಿ ತಾಳಿಕೋಟಿ ಮ್ಯಾಲ ಹೋಗೂದು ಚಲೋನೊ, ಬಾಗೇವಾಡಿ ಮ್ಯಾಲ ಚಲೋನೊ?”

“ಬಾಗೇವಾಡಿ ಮ್ಯಾಲ ಗಾಡಿ ಹೆಚ್ಚಿಗಿ ಅದಾವ್ರಿ. ಐತವಾರ ಹೋಗ್ರಿ, ಸಾಲಿ ಸೂಟಿ ಇರ್ತೈತಿ. ಮನ್ಯಾಗ ಸಿಗ್ತಾರ.”

“ಸಾಲಿಗೆ ಹೋದ್ರ ಆಗಾಂಗಿಲ್ಲೇನು?”

“ಸಾಲ್ಯಾಗ ಹುಡುಗರ ಮುಂದ ಅವರು ನಿಮಗ ಏನ ಬೈಬೇಕ್ರಿ? ಮನಿಗೆ ಹೋಗ್ರಿ. ಅಲ್ಲಿ ಬೈತಾರ, ಆಮ್ಯಾಲ ಊಟಕ್ಕ ಹಾಕ್ತಾರ.”

ಬಸಂತರಾಯ ಮೊದಲ ಸಲ ನಕ್ಕರು. ನಕ್ಕು, ಹೆಂಡತಿಯ ಕಡೆ ನೋಡದೆ, “ನೀನೂ ಬರ್ತೀ ಏನು?” ಅಂದರು.

“ಬರದ ಏನ್ ಮಾಡ್ಲಿ. ಕುಂಕುಮ ಹಚ್ಚಿ ಪತ್ರಿಕಿ ಕೊಡಬೇಕು. ನಿಮ್ಮನ್ನ ಒಬ್ಬರನ್ನ ಕಳಿಸಿದ್ರ ಬಾಗಲ್ಯಾಗ ನಿಂತು, ಕೈಯಾಗ ಕೊಟ್ಟು, ತಿರಗಿ ಗಾಡಿ ಹತ್ತೀರಿ.”

ಅವರಿಬ್ಬರೂ ಬಸ್‌ಸ್ಟ್ಯಾಂಡಿನ ಕಡೆ ನಡೆದರು. ಬಸಂತರಾಯ ಎಂದಿನಂತೆ ನಾಲ್ಕು ಹೆಜ್ಜೆ ಮುಂದಿದ್ದರು. ಬಾಳೆಹಣ್ಣಿನವನ ಗಾಡಿಯ ಹತ್ತಿರ ನಿಂತು, ಆಕೆ ಬಂದು ಕೂಡುವ ತನಕ ಕಾದರು.